ಯೆಪ್ತಾಹನ ಪರ ವಾದಿಸಿದವನು

ಇಥೆಲ್ ರಾಬರ್ಟ್ಸ್ ಕಳೆದ ಗುರುವಾರ ಮಧ್ಯಾಹ್ನ ತೀರಿಕೊಂಡ. ಸ್ಲೇಟು ಕಲ್ಲಿನ ದೂಳು ಎದೆಯೊಳಗೆ ಗಟ್ಟಿಯಾಗಿತ್ತು. ನಮ್ಮ ಕಣಿವೆಯ ಗಂಡಸರು ಸಾಯುವುದು ಹಾಗೆಯೇ. ಮಗಳು ಲೌರಿ ಬಂದು ತಲುಪುವ ಹೊತ್ತಿಗೆ ಉಸಿರು ನಿಂತಿತ್ತು.

ನಾವಿಬ್ಬರೂ ಹುಡುಗರಾಗಿದ್ದಾಗಿನಿಂದ ಗಣಿಯ ಒಂದೇ ಚಪ್ಪರದಡಿ ಕೂತು ಕಲ್ಲು ಸೀಳಿದವರು. ನಮ್ಮ ಗೆಳೆತನ ಬೆಳೆದದ್ದು ಮಾತ್ರ ಕಬಾನಿನಲ್ಲಿ. ಮಧ್ಯಾಹ್ನದ ಊಟಕ್ಕೆ ನಾವು ಸೇರುವ ಕಲ್ಲಿನ ಗುಡಿಸಲು ಅದು. ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗ ಅಲ್ಲಿ ಚರ್ಚೆ ನಡೆಯುತ್ತಿತ್ತು. ಅದಕ್ಕೊಬ್ಬ ಅಧ್ಯಕ್ಷ, ಕೊನೆಗೆ ಕೈಯೆತ್ತಿ ಮತ. ಹೆಚ್ಚಿನ ದಿನ ವಿಷಯ ಬೈಬಲ್ಲಿನದೇ. ಪ್ರವಾದಿಯ ಬೋಳುತಲೆಗೆ ನಕ್ಕ ಮಕ್ಕಳನ್ನು ಕರಡಿಗಳು ಸೀಳಿದ್ದು ನ್ಯಾಯವೋ? ಸೂರ್ಯ ನಿಜವಾಗಿ ನಿಂತನೋ, ಇಲ್ಲ ಅದು ಕವಿಯ ಮಾತೋ?

ಇಥೆಲನಿಗೆ ಮಾತ್ರ ಒಂದೇ ಕಥೆಯ ಹುಚ್ಚು, ಯೆಪ್ತಾಹನದು. ಯುದ್ಧ ಗೆಲ್ಲಿಸಿಕೊಟ್ಟರೆ ಮನೆಯ ಬಾಗಿಲಿಂದ ಮೊದಲು ಎದುರು ಬಂದವರನ್ನು ನಿನಗೆ ಹೋಮ ಮಾಡುತ್ತೇನೆ ಎಂದು ಆತ ದೇವರಿಗೆ ಹರಕೆ ಹೊತ್ತ. ಗೆದ್ದು ಬಂದಾಗ ದಮ್ಮಡಿ ಬಡಿಯುತ್ತಾ ಕುಣಿದು ಬಂದವಳು ಅವನ ಒಬ್ಬಳೇ ಮಗಳು.

"ಕೊಲ್ಲಲಿಲ್ಲ ಕಣ್ರಯ್ಯ," ಎನ್ನುತ್ತಿದ್ದ ಇಥೆಲ್. "ದೇವರೇನು ಹೆಣ್ಣುಮಗಳ ರಕ್ತ ಕುಡೀತಾನಾ? ಮದುವೆ ಮಾಡದೆ ದೂರ ಇಟ್ಟ, ಅಷ್ಟೇ. ಹುಡುಗಿ ಬದುಕಿದ್ಲು."

"ಹರಕೆ ಹೊತ್ತ ಹಾಗೇ ಮಾಡಿದ ಅಂತ ಬರೆದಿದೆಯಲ್ಲೋ, ಕುರುಡಾ," ಎನ್ನುತ್ತಿದ್ದೆ ನಾನು. "ಬರೆದದ್ದನ್ನ ಓದು. ನಿನ್ನ ಕರುಳಿನಲ್ಲಿರೋದನ್ನ ಓದಬೇಡ."

"ಎಲಿಸ್‌ಗೆ ಹೆಣ ಬೀಳದೆ ಇದ್ರೆ ಊಟ ಸೇರಲ್ಲ," ಎಂದು ಒಲೆಯ ಬಳಿಯಿಂದ ಯಾರಾದರೂ ನನ್ನನ್ನು ಅಣಕಿಸಿ ಕೂಗುವರು. ಎಲ್ಲರೂ ನಗುವರು. ಮತಕ್ಕೆ ಹಾಕಿದಾಗಲೆಲ್ಲ ಗೆದ್ದವನು ಇಥೆಲನೇ. ಅವನ ಹೆಂಡತಿ ಹೆರಿಗೆಯಲ್ಲಿ ಹೋದವಳು, ಲೌರಿಯನ್ನು ಅವನೊಬ್ಬನೇ ಸಾಕಿದ್ದ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನೆದುರು ಯೆಪ್ತಾಹನ ಮಗಳನ್ನು ಕೊಲ್ಲಲು ಯಾರಿಗೂ ಕೈ ಏಳುತ್ತಿರಲಿಲ್ಲ.

ಆಮೇಲೆ ಮುಷ್ಕರ ಬಂತು. ಮೊದಲ ಚಳಿಗಾಲ ಕಳೆಯುವುದರೊಳಗೆ ಕೆಲವರು ಕದ್ದು ಕೆಲಸಕ್ಕೆ ಹೋಗತೊಡಗಿದರು. "ಈ ಮನೆಯಲ್ಲಿ ದ್ರೋಹಿ ಇಲ್ಲ" ಎಂಬ ಚೀಟಿಗಳು ಕಿಟಕಿಗಳಲ್ಲಿ ಕಾಣಿಸಿಕೊಂಡವು. ಪ್ರಾರ್ಥನಾ ಮಂದಿರದಲ್ಲಿ ಸಭೆ ಸೇರಿದ ಸಂಜೆ ಇಥೆಲ್ ಎದ್ದು ನಿಂತು, ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಿದ: "ಮುಷ್ಕರ ಮುರಿದವನಾಗಲಿ, ಅವನ ಮನೆಯವರಾಗಲಿ, ನನ್ನ ರಕ್ತವೇ ಆಗಲಿ, ಯಾರೂ ನನ್ನ ಬಾಗಿಲು ದಾಟಬಾರದು. ದೇವರೇ ಸಾಕ್ಷಿ." ಅವತ್ತು ಅವನ ಅಳಿಯ, ಲೌರಿಯ ಗಂಡ ಸೆಥ್ ನಮ್ಮ ಜೊತೆಗೇ ಇದ್ದ. ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದವನೂ ಅವನೇ.

ಎರಡನೆಯ ಚಳಿಗಾಲದಲ್ಲಿ ಲೌರಿಯ ಮಗು ನೆಸ್ಟ್‌ಗೆ ಕೆಮ್ಮು ಹಿಡಿಯಿತು. ಮನೆಯಲ್ಲಿ ಹಾಲಿಲ್ಲ, ಔಷಧಿಯಿಲ್ಲ. ಸೆಥ್ ತಲೆ ತಗ್ಗಿಸಿ ಗಣಿಯ ಗೇಟು ದಾಟಿದ.

ಆ ಭಾನುವಾರ ಲೌರಿ ಎಂದಿನಂತೆ ಅಪ್ಪನ ಮನೆಗೆ ಬಂದಳು, ಸೆಥ್‌ನ ಮೊದಲ ಕೂಲಿಯಲ್ಲಿ ಕೊಂಡ ಮಜ್ಜಿಗೆ ಹಿಡಿದು. ನಾನು ಒಳಗಿದ್ದೆ. ಇಥೆಲ್ ಬಾಗಿಲಿಗೆ ಅಡ್ಡ ನಿಂತ.

"ಬರಬೇಡಮ್ಮ."

"ಅಪ್ಪಾ, ಮಗೂಗೆ ಹುಷಾರಿಲ್ಲ ಅಂತ ಅವರು ಹೋದ್ರು. ನಾನೇನು ಮಾಡ್ಲಿ?"

"ನಿಂದು ತಪ್ಪು ಅಂತ ನಾನೆಲ್ಲಿ ಹೇಳ್ದೆ? ಬರಬೇಡ ಅಂದೆ."

ಅವಳು ಪಾತ್ರೆಯನ್ನು ಹೊಸ್ತಿಲ ಹೊರಗೆ ಇಟ್ಟು ಹೋದಳು. ಅವನು ಅದನ್ನು ಮುಟ್ಟಲಿಲ್ಲ. ಸಂಜೆ ಬೆಕ್ಕು ಕುಡಿಯಿತು.

ನೆಸ್ಟ್ ಉಳಿಯಲಿಲ್ಲ. ದ್ರೋಹಿಯ ಮನೆಯ ಶವದ ಹಿಂದೆ ಊರು ನಡೆಯುವುದಿಲ್ಲ. ಸೆಥ್ ಆ ಸಣ್ಣ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. ಹಿಂದೆ ನಡೆದವರು ಪಾದ್ರಿ, ಲೌರಿ, ನಾನು. ಇಥೆಲನ ಕಿಟಕಿಯ ಪರದೆಯ ಹಿಂದೆ ಅವನ ನೆರಳು ಕಾಣುತ್ತಿತ್ತು. ಮಣ್ಣು ಹಾಕಿ ನೇರವಾಗಿ ಅವನ ಮನೆಗೆ ಹೋದೆ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಮಗಳನ್ನ ಬದುಕಿಸಿ ದೂರ ಇಟ್ಟ, ಯೆಪ್ತಾಹ ಒಳ್ಳೆಯವನು ಅಂತಿದ್ದೆಯಲ್ಲ. ಈಗ ಹೇಳು, ಒಳ್ಳೆಯವನಾ?"

"ಅಲ್ಲ," ಎಂದ. "ಅದು ಹೇಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ."

"ಹಾಗಾದ್ರೆ ಮುರಿ ಆ ಮಾತನ್ನ. ಕೆಟ್ಟ ಹರಕೆ ತೀರಿಸೋದಕ್ಕಿಂತ ಮುರಿಯೋದು ಸಣ್ಣ ಪಾಪ."

"ಮುರಿದವರಿಂದಲೇ ಅಲ್ವಾ ಎಲಿಸ್, ಊರು ಹೀಗಾಗಿರೋದು? ಹತ್ತು ಮನೆಯವರು ಹಸಿದು ಕೂತಿದ್ದಾರೆ. ಅವರ ಹತ್ರ ಕೊಟ್ಟ ಮಾತು ಬಿಟ್ಟು ಬೇರೇನಿದೆ? ನನ್ನ ಮಗಳಿಗೊಂದು ನ್ಯಾಯ, ಅವರಿಗೊಂದು ನ್ಯಾಯ ಮಾಡಕ್ಕಾಗುತ್ತಾ?"

ಅವನು ಹೇಳಿದ್ದು ಸರಿ, ಮಾಡಿದ್ದು ತಪ್ಪು ಎಂದಷ್ಟೇ ನನಗನಿಸುತ್ತದೆ. ಇಂಥದ್ದು ಕಬಾನಿನಲ್ಲಿ ಕೈಯೆತ್ತಿ ತೀರ್ಮಾನವಾಗುವುದಿಲ್ಲ.

ಮುಷ್ಕರ ಸೋತಿತು. ಎಲ್ಲರೂ ಅದೇ ಗೇಟು ದಾಟಿ ಕೆಲಸಕ್ಕೆ ಮರಳಿದೆವು. ದ್ರೋಹಿಗಳ ಜೊತೆ ಜನ ಮೆಲ್ಲಗೆ ಮಾತಿಗೆ ತೊಡಗಿದರು. ಇಥೆಲ್ ತೊಡಗಲಿಲ್ಲ. "ಮುಷ್ಕರ ಮುಗಿಯೋ ತನಕ ಅಂತ ನಾನು ಹೇಳಿರಲಿಲ್ಲ," ಎಂದ. ಯೆಪ್ತಾಹನ ಮಾತಿಗೆ ಅಷ್ಟೆಲ್ಲ ಸಡಿಲ ಕೊಟ್ಟವನು ತನ್ನ ಮಾತಿಗೆ ಒಂದು ಎಳೆಯನ್ನೂ ಬಿಡಲಿಲ್ಲ. ಕಬಾನಿನಲ್ಲಿ ಆ ಕಥೆಯನ್ನು ಮತ್ತೆ ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಈ ವರ್ಷ ಅವನು ಕೆಲಸ ಬಿಟ್ಟ. ಕೆಮ್ಮಿದರೆ ಕರವಸ್ತ್ರ ಕೆಂಪಾಗುತ್ತಿತ್ತು. ಲೌರಿ ದಿನಾ ಬೆಳಗ್ಗೆ ಕಣಿವೆಯ ಕೆಳಗಿನ ಬೀದಿಯಿಂದ ಏರಿ ಬಂದು ಕುರಿಸಾರಿನ ಪಾತ್ರೆಯನ್ನು ಹೊಸ್ತಿಲಾಚೆ ನಿಂತು, ಕೆಲಸಕ್ಕೆ ಮುಂಚೆ ಅವನನ್ನು ನೋಡಿಕೊಳ್ಳಲು ಬರುತ್ತಿದ್ದ ನನ್ನ ಕೈಗೆ ಕೊಡುತ್ತಿದ್ದಳು. ಈಗ ಅವನು ಅದನ್ನು ಕುಡಿಯುತ್ತಿದ್ದ.

ಬುಧವಾರ ಅವಳು ಪಾತ್ರೆ ಕೊಟ್ಟು ಹೊರಡಲಿಲ್ಲ.

"ಎಲಿಸ್ ಚಿಕ್ಕಪ್ಪ, ಅವರಿಗೆ ಕೇಳ್ಸೋ ಹಾಗೆ ಹೇಳ್ತೀನಿ. ಸತ್ತ ಮೇಲೆ ಮೈ ತೊಳೆಯೋಕೆ ಬಾ ಅಂತ ನನ್ನನ್ನ ಕರೀಬೇಡಿ. ಬದುಕಿದ್ದಾಗ ದಾಟದ ಬಾಗಿಲನ್ನ ಆಗ ದಾಟಲ್ಲ. ನಾನೂ ಅವರ ಮಗಳೇ."

ಒಳಗೆ ಇಥೆಲ್ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಮಾಡುತ್ತಿರಲಿಲ್ಲ.

ಗುರುವಾರ ಊಟದ ಹೊತ್ತಿಗೆ ನಾನು ಹೋದಾಗ ಅವನು ಹಾಸಿಗೆ ಬಿಟ್ಟು ಎದ್ದಿದ್ದ. ಕಲ್ಲು ಸೀಳುವ ಉಳಿ, ಕೊಡತಿ ಹಿಡಿದು ಮುಂಬಾಗಿಲ ಬಳಿ ಮೊಣಕಾಲೂರಿದ್ದ. ಕೆಳಗಿನ ಕೀಲು ಆಗಲೇ ಸಡಿಲವಾಗಿತ್ತು.

"ಏನೋ ಇದು? ಸಾಯ್ತೀಯ, ಮಲಗು."

"ಮಾತಾಡ್ಬೇಡ. ಮೇಲಿನದ್ದನ್ನ ಹೊಡಿ. ನನ್ನ ಕೈ ಎಟಕ್ತಿಲ್ಲ."

ಆಗ ನನಗೆ ಅರ್ಥವಾಯಿತು. ಯಾರೂ ನನ್ನ ಬಾಗಿಲು ದಾಟಬಾರದು ಎಂದಿದ್ದ. ಬಾಗಿಲೇ ಇಲ್ಲದಿದ್ದರೆ ದಾಟುವುದೇನನ್ನು?

"ಇಂಥ ಆಟ ದೇವರು ಒಪ್ತಾನೇನೋ?" ಎಂದೆ.

"ಗೊತ್ತಿಲ್ಲ." ಉಸಿರೆಳೆದುಕೊಳ್ಳಲು ನಿಂತ. "ಯೆಪ್ತಾಹ ದೇವರನ್ನ ಕೇಳಿ ನೋಡಲಿಲ್ಲ. ನಾನು ಕೇಳ್ತಾ ಇದ್ದೀನಿ."

ಇಬ್ಬರೂ ಸೇರಿ ಕದವನ್ನು ಎತ್ತಿ ಹೊರಗೋಡೆಗೆ ಒರಗಿಸಿದೆವು. ಬೆಟ್ಟದ ಗಾಳಿ ಒಳನುಗ್ಗಿತು; ಒಲೆಯ ಬೂದಿ ಮನೆ ತುಂಬ ಹಾರಿತು. ಕಂಬಳಿ ಹೊದಿಸಲು ಹೋದರೆ ಕೈ ತಳ್ಳಿದ.

"ಲೌರೀನ ಕರ್ಕೊಂಡು ಬಾ. ಓಡು."

ನಾನು ಇಳಿಜಾರಿನಲ್ಲಿ ಓಡಿದೆ. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಾಗ, ಅವನು ಒಲೆಯ ಕಡೆಗಿದ್ದ ಕುರ್ಚಿಯನ್ನು ಎಳೆದೆಳೆದು ಬೀದಿಯ ಕಡೆಗೆ ತಿರುಗಿಸಿಕೊಂಡು ಕೂರುತ್ತಿದ್ದ.