ಸೋರೆಬುರುಡೆ ಕಟ್ಟಿಕೊಂಡು ಬಾವಿ ದಾಟಿದ್ದು

ನೀರನ್ನು ನಿರ್ಮಿಸಿದವನಿಗೂ, ಆ ನೀರಿನ ಮೇಲೆ ತೇಲುವಷ್ಟು ಹಗುರತನವನ್ನು ಬಳ್ಳಿಯ ಕಾಯಿಯೊಂದರಲ್ಲಿ ಅಡಗಿಸಿಟ್ಟವನಿಗೂ ಮೊದಲ ನಮಸ್ಕಾರ. ಇಬ್ಬರೂ ಒಬ್ಬನೇ ಎಂಬುದು ನನ್ನ ನಂಬಿಕೆ. ಆ ಬೀಜವನ್ನು ಹಿತ್ತಲಿನಲ್ಲಿ ಊರಿ, ಬಳ್ಳಿಯನ್ನು ಕೊಟ್ಟಿಗೆಯ ಸೂರಿಗೆ ಹಬ್ಬಿಸಿದ ನನ್ನ ಅಜ್ಜಿಯ ಕೈಗಳಿಗೆ ಎರಡನೆಯ ನಮಸ್ಕಾರ. ಓದುಗ ಮಿತ್ರರೇ, ಇನ್ನು ನೀವು ನನ್ನೊಡನೆ ನಿಧಾನವಾಗಿ ಬರಬಹುದು. ನನ್ನ ಮಂಡಿಗಳಿಗೆ ಅವಸರ ಒಗ್ಗುವುದಿಲ್ಲ.

ಮೈಸೂರಿನ ನನ್ನ ಮನೆಯಲ್ಲಿ, ದೇವರ ಕೋಣೆಯ ಬಾಗಿಲ ಪಕ್ಕದ ಮೊಳೆಗೆ, ಒಣಗಿದ ಸೋರೆಬುರುಡೆಯೊಂದು ಬಹುಕಾಲ ತೂಗುತ್ತಿತ್ತು. ಬಂದವರು ಅದನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು. ಸಂಗೀತ ಬಲ್ಲ ನೆರೆಯವರು ಅದು ಕೊರಳು ಮುರಿದ ತಂಬೂರಿಯ ಅವಶೇಷವೆಂದು ಮರುಗಿದರು. ಶಿಷ್ಯನೊಬ್ಬ ಯಾರೋ ಯತಿಗಳ ಕಮಂಡಲುವಿರಬೇಕೆಂದು ಕೈಮುಗಿದ. ಮನೆಗೆಲಸದ ಗೌರಮ್ಮ ದೃಷ್ಟಿಗೆ ಕಟ್ಟಿದ್ದೆಂದು ಅಮಾವಾಸ್ಯೆಗೊಮ್ಮೆ ಅದಕ್ಕೆ ಕುಂಕುಮ ಹಚ್ಚಿದಳು. ಅದು ಈಜು ಕಲಿಯುವ ಸಾಧನವೆಂದು ಯಾರಿಗೂ ಹೊಳೆಯಲಿಲ್ಲ. ಅಲುಗಿಸಿದರೆ ಒಳಗಿನ ಬೀಜಗಳು ಗಲಗಲ ಎನ್ನುತ್ತಿದ್ದವು. ಆ ಸದ್ದು ನನ್ನೊಬ್ಬಳಿಗೇ ತಿಳಿಯುವ ಭಾಷೆಯಾಗಿತ್ತು.

ಮದ್ದೂರು ಸೀಮೆಯ ಕೊಪ್ಪದ ಬದಿಯ ನಮ್ಮ ಹಳ್ಳಿಯಲ್ಲಿ ಒಂದು ಮೆಟ್ಟಿಲ ಬಾವಿಯಿದೆ. ಎದುರುಬದುರಾಗಿ ಎರಡು ಕಡೆ ಕಲ್ಲಿನ ಮೆಟ್ಟಿಲುಗಳು ನೀರಿಗಿಳಿಯುತ್ತವೆ. ನಡುವೆ, ನಾಲೆಯ ಒಸರಿನಿಂದ ವರ್ಷವೆಲ್ಲ ತುಂಬಿರುವ ಹಸಿರು ನೀರು. ಯುಗಾದಿ ಕಳೆದು ಬಿಸಿಲು ಬಲಿತಾಗ ಗಂಡುಮಕ್ಕಳ ಬೆನ್ನಿಗೆ ಕೊರೆಯದ ಸೋರೆಬುರುಡೆ ಕಟ್ಟಿ ಅಲ್ಲಿ ನೂಕುತ್ತಿದ್ದರು. ಬುರುಡೆಯಿಲ್ಲದೆ ಈ ಮೆಟ್ಟಿಲಿನಿಂದ ಆ ಮೆಟ್ಟಿಲಿಗೆ ದಾಟಿದ ದಿನ ತಾಯಂದಿರು ತಂಬಿಟ್ಟಿನ ಆರತಿ ತಂದು ಗಂಗಮ್ಮನಿಗೆ ಬೆಳಗುತ್ತಿದ್ದರು, ಬುರುಡೆ ಅದೇ ಮನೆಯ ಕಿರಿಯ ಮಗುವಿಗೆ ಸಲ್ಲುತ್ತಿತ್ತು. ನಮ್ಮಣ್ಣನ ಬುರುಡೆ ಆ ನ್ಯಾಯದಿಂದ ನನಗೆ ಬರಬೇಕಿತ್ತು. ಬಂದದ್ದೂ ಹೌದು, ಆದರೆ ನೀರಿಗಲ್ಲ. ಹೆಣ್ಣುಮಕ್ಕಳಿಗೆ ಕಡೆಯ ಮೆಟ್ಟಿಲೇ ಗಡಿ. ಅಲ್ಲಿ ಕುಳಿತು ಪಾದ ತೋಯಿಸಿಕೊಂಡು, ಬಟ್ಟೆ ಹಿಂಡುತ್ತ, ಅಣ್ಣಂದಿರು ದುಡುಮ್ಮನೆ ಹಾರುವುದನ್ನು ನೋಡಿ ನಗುವುದಷ್ಟೇ ನಮ್ಮ ಪಾಲಿನ ಜಲಕ್ರೀಡೆ. ಸಂಸ್ಕೃತ ಓದಲೆಂದು ನಾನು ಮೈಸೂರಿಗೆ ಹೊರಟಾಗ ಅಜ್ಜಿ ಆ ಬುರುಡೆಯನ್ನು ನನ್ನ ಟ್ರಂಕಿನೊಳಗೆ ಸೀರೆಯಲ್ಲಿ ಸುತ್ತಿಟ್ಟು, "ಮಡೀಕೊ ಮಗಾ, ಯಾವತ್ತಾದ್ರೂ ಬೇಕಾದಾತು" ಎಂದಿದ್ದಳು.

ಬೇಕಾಗಲಿಲ್ಲ. ಬಾಳೆಲ್ಲ ನಾನು ಪಾಠ ಹೇಳಿದೆ. ಭವಸಾಗರವೆಂದರೇನು, ಅದನ್ನು ದಾಟಿಸುವ ನಾವೆ ಯಾವುದು, ತೀರ್ಥವೆಂಬ ಮಾತಿಗೆ ಹೊಳೆ ದಾಟುವ ಜಾಗವೆಂಬ ಅರ್ಥ ಹೇಗೆ ಬಂತು ಎಂಬುದನ್ನೆಲ್ಲ ಎಷ್ಟು ತಲೆಮಾರಿನ ಮಕ್ಕಳಿಗೆ ವಿವರಿಸಿದೆನೋ! ಸಾಗರವನ್ನು ದಾಟುವ ಬಗೆಯನ್ನು ಅಷ್ಟು ಸೊಗಸಾಗಿ ಬಣ್ಣಿಸುತ್ತಿದ್ದ ವಿದುಷಿ ಊರ ಬಾವಿಯೊಂದನ್ನೂ ದಾಟಿದವಳಲ್ಲವೆಂಬುದು ಗೋಡೆಯ ಮೇಲಿನ ಬುರುಡೆಗೆ ಮಾತ್ರ ಗೊತ್ತಿತ್ತು. ಪುಣ್ಯಕ್ಕೆ ಅದು ಮಾತಾಡುವ ಜಾತಿಯದಲ್ಲ.

ಹೀಗಿರಲು ಈ ವರ್ಷದ ಬೇಸಗೆಯಲ್ಲಿ ಊರಿನಿಂದ ಚಿಕ್ಕೇಗೌಡರ ಫೋನು ಬಂತು. ಅವರು ನಮ್ಮ ದಾಯಾದಿ, ನನಗಿಂತ ತುಸು ಹಿರಿಯರು, ಈಗ ಊರಿನ ಯಜಮಾನರು.

"ಸಾವಿತ್ರವ್ವಾ, ಒಂದ್ಸಲ ಬಂದೋಗ್ಬೇಕು ಕಣವ್ವ. ನಿಮ್ ಅಣ್ಣನ್ ಸೊಸೆ ಶೋಭ ಎಣ್ಣೈಕ್ಳನ್ನೆಲ್ಲ ಬಾವಿಗಿಳಿಸ್ತೀನಿ ಅಂತ ನಿಂತವ್ಳೆ. ನಾನ್ ಬ್ಯಾಡ ಅಂದ್ರೆ ಕ್ಯೋಳಾಕಿಲ್ಲ. ಸಾಸ್ತ್ರ ಓದ್ಕಂಡೋರು ನೀವು. ನೀವ್ ಒಂದ್ ಮಾತು ಬ್ಯಾಡ ಅಂದ್ಬುಟ್ರೆ ಮುಗೀತು."

ಬೇಡವೆನ್ನುವುದಕ್ಕೆ ನನ್ನಷ್ಟು ಯೋಗ್ಯರು ಬೇರಿಲ್ಲವೆಂದು ಅವರೆಣಿಸಿದ್ದು ಸಹಜವೇ. ಮೂರು ಹೊತ್ತು ಜಪ ಮಾಡುವ ಮುದುಕಿ, ಇನ್ನೇನು ಹೇಳಿಯಾಳು? ನಾನು ಬರುತ್ತೇನೆಂದೆ. ಹೊರಡುವಾಗ ಕೈ ತಾನಾಗಿ ಮೊಳೆಯತ್ತ ಹೋಗಿ ಬುರುಡೆಯನ್ನು ಇಳಿಸಿಕೊಂಡಿತು. ಯಾಕೆಂದು ಆಗ ಕೇಳಿದ್ದರೆ ಉತ್ತರವಿರಲಿಲ್ಲ.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಊರ ಬಾಗಿಲಿಗೆ ಬಂದಿಳಿದಾಗ ಶೋಭ ಸ್ಕೂಟರಿನೊಡನೆ ಕಾದಿದ್ದಳು. ಅವಳ ತವರು ಮಳವಳ್ಳಿ ಸೀಮೆಯ ಹೊಳೆದಂಡೆ. ನಡೆಯುವುದಕ್ಕೆ ಮುಂಚೆ ಈಜಿದವಳೆಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಾರೆ. ಗದ್ದೆಯಂಚಿನಲ್ಲಿ ಹೋಗುತ್ತ, ಕಬ್ಬಿನ ಗರಿ ತೋಳಿಗೆ ಸವರುತ್ತಿರುವಂತೆಯೇ ನಡೆದದ್ದನ್ನೆಲ್ಲ ಹೇಳಿದಳು. ಕಳೆದ ಮಳೆಗಾಲದಲ್ಲಿ ಚಿಕ್ಕೇಗೌಡರ ಮೊಮ್ಮಗಳು ಪಲ್ಲವಿ ಶಾಲೆಯಿಂದ ಬರುವಾಗ ನಾಲೆಯ ಏರಿಯಿಂದ ಜಾರಿ ನೀರಿಗೆ ಬಿದ್ದಿದ್ದಾಳೆ. ಹುಲ್ಲು ಕೊಯ್ಯುತ್ತಿದ್ದ ಶೋಭ ಹಾರಿ, ಜಡೆ ಹಿಡಿದು ದಡಕ್ಕೆಳೆದಿದ್ದಾಳೆ. ಅಂದಿನಿಂದ ಇವಳಿಗೆ ಊರಿನ ಹೆಣ್ಣುಮಕ್ಕಳೆಲ್ಲ ಈಜು ಕಲಿಯಲೇಬೇಕೆಂಬ ಹಟ. ಗೌಡರಿಗೆ ಮೊಮ್ಮಗಳನ್ನು ನೀರಿನ ವಾಸನೆಗೂ ಬಿಡಬಾರದೆಂಬ ಹಟ. ಬಾವಿಗೆ ಕಬ್ಬಿಣದ ಜಾಲರಿ ಹೊದಿಸಲು ಆಳನ್ನೂ ಗೊತ್ತುಮಾಡಿದ್ದರಂತೆ.

"ನೀವೂ ಬೇಡ ಅಂದ್ಬುಡ್ತೀರಾ ಅತ್ತೆ?" ಎಂದಳು ಶೋಭ, ಹಿಂದೆ ತಿರುಗದೆ.

"ಮೊದಲು ರಸ್ತೆ ನೋಡಿ ಓಡಿಸು ತಾಯಿ," ಎಂದೆ.

ಬಾಲ್ಯದ ಸ್ಥಳಗಳು ಮರಳಿ ಕಂಡಾಗ ಕುಗ್ಗಿರುತ್ತವೆ ಎನ್ನುತ್ತಾರೆ. ಶಾಲೆ ಕುಗ್ಗಿತ್ತು, ಮಾರಿಗುಡಿಯ ಜಗಲಿ ಕುಗ್ಗಿತ್ತು, ನಮ್ಮ ಮನೆಯ ಪಡಸಾಲೆಯೂ ಕುಗ್ಗಿತ್ತು. ಬಾವಿ ಮಾತ್ರ ಒಂದು ಗೇಣೂ ಕುಗ್ಗಿರಲಿಲ್ಲ. ನಾವು ಒಳಹೊಕ್ಕು ಬಳಸಿದ್ದೆಲ್ಲ ವಯಸ್ಸಾದಂತೆ ನಮ್ಮ ಅಳತೆಗೆ ಬರುತ್ತದೆ, ದಡದಲ್ಲಿ ನಿಂತು ಆಸೆಪಟ್ಟದ್ದು ಮೊದಲಿನಷ್ಟೇ ದೊಡ್ಡದಾಗಿ ಉಳಿಯುತ್ತದೆ ಎಂದು ಅಲ್ಲಿ ನಿಂತಾಗ ತೋರಿತು. ಹೊಂಗೆಯ ಮರ ಅದೇ, ಗಂಗಮ್ಮನ ಕಲ್ಲು ಅದೇ, ಕಡೆಯ ಮೆಟ್ಟಿಲಿನಲ್ಲಿ ಪಾದ ತೋಯಿಸಿ ಕುಳಿತ ಹುಡುಗಿಯರ ಸಾಲೂ ಅದೇ; ಹೆಸರುಗಳಷ್ಟೇ ಬೇರೆ.

ಚಿಕ್ಕೇಗೌಡರು ಮರದ ಬುಡದಲ್ಲಿ ಟವಲು ಹಾಸಿ ಕುಳಿತಿದ್ದರು. ನನ್ನನ್ನು ಕಂಡು ಎದ್ದು, ಎಲ್ಲರಿಗೂ ಕೇಳುವಂತೆ ಆರಂಭಿಸಿದರು: "ಯೋಳಿ ಸಾವಿತ್ರವ್ವ. ಮದ್ವೆ ಎಣ್ಣು ಗಂಗಮ್ಮನ್ನ ಪೂಜೆ ಮಾಡ್ತಾಳೆ, ಬಾಣಂತಿ ಪೂಜೆ ಮಾಡ್ತಾಳೆ. ಪೂಜೆ ಮಾಡೋ ತಾಯಿ ಮೈಮ್ಯಾಲೆ ಬಿದ್ದು ಈಜ್ತಾರಾ?"

"ಗಂಡೈಕ್ಳು ತಲೆಮ್ಯಾಲೇ ಬಿದ್ರೂ ಆ ತಾಯಿಗೆ ಕ್ವಾಪ ಇಲ್ಲ, ಎಣ್ಣೈಕ್ಳು ಮುಟ್ಟಿದ್ರೆ ಮಾತ್ರ ಕ್ವಾಪ್ವಾ ಮಾವಾ?" ಎಂದಳು ಶೋಭ. ಹುಡುಗಿಯರು ಕಿಸಕ್ಕೆಂದರು.

"ನೀನ್ ಸುಮ್ಕಿರಮ್ಮಿ. ದೊಡ್ಡೋರು ಮಾತಾಡ್ತಾವ್ರೆ."

ಗೌಡರ ಪಕ್ಕದಲ್ಲಿ ನಿಂತಿದ್ದ ಪಲ್ಲವಿ ನಗಲಿಲ್ಲ. ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ ನನ್ನನ್ನೇ ನೋಡುತ್ತಿದ್ದಳು. ಅವಳ ಅಜ್ಜನ ಕೈ ಅವಳ ತೋಳನ್ನು ಒಂದು ಗಳಿಗೆಯೂ ಬಿಡದೆ ಹಿಡಿದಿತ್ತು. ಅವರ ಶಾಸ್ತ್ರದ ಮಾತಿನ ಕೆಳಗೆ ಹರಿಯುತ್ತಿದ್ದದ್ದು ಬರಿಯ ಭಯವೆಂದು ಆ ಕೈ ಹೇಳಿತು. ಆಗ ನನಗೆ ಅವರ ಮೇಲೆ ಮರುಕ ಹುಟ್ಟಿತು, ಉತ್ತರವೂ ಹುಟ್ಟಿತು.

"ಚಿಕ್ಕಣ್ಣ, ನಾನು ಓದಿದ್ದರಲ್ಲಿ ಬೇಡ ಅನ್ನೋ ಮಾತು ಎಲ್ಲೂ ಕಾಣಲಿಲ್ಲ. ತಾಯಿ ಅಂತ ಕರೀತೀವಿ. ಮಡಿಲಿಗೆ ಬಂದ ಮಗಳನ್ನ ನೂಕೋ ತಾಯಿ ಇದ್ದಾಳಾ?"

ಅವರು ಬಾವಿಯ ನೀರನ್ನೊಮ್ಮೆ ಇಣುಕಿ ನೋಡಿದರು. ಆಮೇಲೆ, "ಮಾತಿಗೇನವ್ವ! ಮಾತು ತ್ಯೇಲ್ತದೆ, ಮೈ ಮುಳುಗ್ತದೆ. ನಮ್ಮೂರಲ್ಲಿ ಉಟ್ಟಿದ್ ಒಂದ್ ಎಣ್ಣು ಆ ಮೆಟ್ಲಿಂದ ಈ ಮೆಟ್ಲಿಗೆ ದಾಟಿದ್ದ ನಾನ್ ನೋಡಿಲ್ಲ. ನೀವ್ ದಾಟಿ, ಪಲ್ಲವಿನ ನಾನೇ ಕೈಯಾರ ಇಳಿಸ್ತೀನಿ. ಇಲ್ವಾ, ನಾಳೆಗೇ ಜಾಲ್ರಿ" ಎಂದರು. ಮಬ್ಬುಗಣ್ಣಿನ, ಮಂಡಿನೋವಿನ ಮುದುಕಿ ನಕ್ಕು ಹಿಂದೆ ಸರಿಯುತ್ತಾಳೆಂದು ಅವರ ಲೆಕ್ಕ.

ನಾನು ಚೀಲದಿಂದ ಬುರುಡೆಯನ್ನು ಹೊರತೆಗೆದೆ.

ಚಿಕ್ಕೇಗೌಡರು ಅದನ್ನು ಇಸಿದುಕೊಂಡು ಕಿವಿಯ ಬಳಿ ಅಲುಗಿಸಿ, ಬೆರಳಿನಿಂದ ತಟ್ಟಿ ನೋಡಿದರು. ಮುಖದಲ್ಲಿ ಅರವತ್ತು ವರ್ಷ ಹಿಂದಕ್ಕೆ ಸರಿದಂತಾಯಿತು. "ಅಯ್ಯೋ ಸಿವ್ನೇ, ನಿಮ್ಮಣ್ಣನ್ ಬುರ್ಡೆ! ಇದ್ರಲ್ಲೇ ಅಲ್ವಾ ನಾನೂ ಕಲ್ತಿದ್ದು. ಒಂದು ಬಿರುಕಿಲ್ವಲ್ಲ!"

"ಅಣ್ಣನ ಬುರ್ಡೆ ಗಟ್ಟಿ ಅಂತ ಅಜ್ಜಿ ಅವಾಗ್ಲೇ ಯೋಳ್ತಿತ್ತಲ್ಲ," ಎಂದೆ. ಊರಿನ ಗಾಳಿಗೆ ನನ್ನ ನಾಲಿಗೆಯೂ ಸಡಿಲಗೊಂಡಿತ್ತು.

ಸೀರೆಯನ್ನು ಕಚ್ಚೆ ಹಾಕಿದೆ. ಗಂಗಮ್ಮನ ಕಲ್ಲಿಗೆ ಕೈಮುಗಿದೆ. ಚಿಕ್ಕೇಗೌಡರೇ ಬುರುಡೆಯನ್ನು ನನ್ನ ಬೆನ್ನಿಗೆ ಹಗ್ಗದಿಂದ ಬಿಗಿದರು. ಗಂಟಿನ ಮೇಲೆ ಗಂಟು ಹಾಕಿದರು, ಮತ್ತೆ ಎಳೆದು ನೋಡಿದರು. ಶೋಭ ಮೊದಲೇ ನೀರಿನಲ್ಲಿದ್ದಳು. ಕಡೆಯ ಮೆಟ್ಟಿಲು ತುಳಿದೆ. ಅದರ ಮುಂದಿನ ಮೆಟ್ಟಿಲು ಇರಲಿಲ್ಲ.

ಆ ಕ್ಷಣ ಕಲಿತ ಸ್ತೋತ್ರಗಳೆಲ್ಲ ನನ್ನ ಕೈಬಿಟ್ಟು ದಡದಲ್ಲೇ ಉಳಿದವು. ಮೂಗು, ಬಾಯಿ, ಕಿವಿ ಎಲ್ಲ ಹಸಿರಾಯಿತು. ಬೆನ್ನ ಮೇಲಿನ ಬುರುಡೆ ಯಾರೋ ಹಿಂದಿನಿಂದ ಕುಪ್ಪಸ ಹಿಡಿದೆತ್ತಿದಂತೆ ಒಮ್ಮೆ ಮೇಲೆಳೆಯಿತು, ಉಸಿರು ಸಿಕ್ಕಿತು. ಉಸಿರಿನೊಡನೆ ಅಜ್ಜಿಯ ಮಾತೊಂದೇ ಬಂತು, "ಗಂಗವ್ವಾ, ತಾಯೀ."

"ಕಾಲ್ ಬಡಿಯೇ! ಕಾಲ್ ಬಡಿಯಮ್ಮಿ ಸಾವಿತ್ರಿ!" ಮೇಲಿನಿಂದ ಚಿಕ್ಕೇಗೌಡರು ಕೂಗುತ್ತಿದ್ದರು. ಗೌರವದ ಬಹುವಚನ ಎಲ್ಲಿ ಹೋಯಿತೋ! "ಕತ್ತೆತ್ತು! ನಾಯಿ ಈಜಲ್ವಾ, ಅಂಗೇ ಕೈ ಆಡ್ಸು! ಏ ಶೋಭಾ, ಮುಟ್ಬ್ಯಾಡ ಕಣಮ್ಮಿ, ಅವಳೇ ಓಯ್ತಾಳೆ, ಬುಡು!"

ಓದುಗ ಮಿತ್ರರೇ, ನಾನು ನಾಯಿಯಂತೆಯೇ ಈಜಿದೆ. ಹಂಸದಂತೆ ಎಂದು ಬರೆಯುವ ಆಸೆಯಿದ್ದರೂ ಸಾಕ್ಷಿಗಳು ಬಹಳ ಮಂದಿ. ಆದರೆ ನಡುನೀರಿನಲ್ಲಿ ಒಂದು ಅಚ್ಚರಿ ಕಾದಿತ್ತು: ವರ್ಷಗಳಿಂದ ಜೊತೆಗಿದ್ದ ಮಂಡಿನೋವು ಅಲ್ಲಿರಲಿಲ್ಲ. ವಯಸ್ಸು, ಬಿರುದು, ವಿದ್ವತ್ತು, ಹಾರ ಹಾಕಿಸಿಕೊಂಡ ಕೊರಳಿನ ಬಿಗುಮಾನ ಇವೆಲ್ಲ ಎಷ್ಟು ತೂಕವಿದ್ದವೆಂದು ಆ ತಾಯಿ ಹೊತ್ತುಕೊಂಡ ಮೇಲೆ ತಿಳಿಯಿತು. ಉಳಿದದ್ದು ಕಾಲು ಬಡಿಯುತ್ತಿರುವ ಒಬ್ಬಳು ಹುಡುಗಿ. ನಾನು ಏನಾಗಿದ್ದೇನೆಂದು ಯಾರಾದರೂ ಕೇಳಿದರೆ ಇನ್ನು ಮುಂದೆ ಅವಳನ್ನೇ ತೋರಿಸುತ್ತೇನೆ. ಓದಿದ್ದೆಲ್ಲ ಅವಳನ್ನು ಆ ನೀರಿನವರೆಗೆ ಕರೆತರಲು ಹಿಡಿದ ದಾರಿ.

ಎದುರಿನ ಮೆಟ್ಟಿಲಿನ ಪಾಚಿ ಕೈಗೆ ತಗಲಿತು. ಹುಡುಗಿಯರ ಕೇಕೆಗೆ ಹೊಂಗೆಯ ಮರದ ಗಿಳಿಗಳು ಎದ್ದು ಹಾರಿದವು.

ಚಿಕ್ಕೇಗೌಡರು ಬಾವಿಯನ್ನು ಬಳಸಿ ಓಡಿಬಂದರು. ಓಡಿದರು ಎಂದೇ ಹೇಳಬೇಕು. ಕಣ್ಣೊರೆಸಿಕೊಂಡು, ನನ್ನ ಬೆನ್ನಿನ ಗಂಟುಗಳನ್ನು ತಾವೇ ಬಿಚ್ಚಿದರು. ಆಮೇಲೆ ಬುರುಡೆಯನ್ನು ಕೈಯಲ್ಲಿ ಹಿಡಿದು, "ಪಲ್ಲವೀ, ಬಾ ಮಗಾ" ಎಂದರು. ಅವಳು ಬಂದಳು. ಅವಳ ಬೆನ್ನಿಗೂ ಗಂಟು ಬಿಗಿಯಾಗಿ ಬಿತ್ತು. ಅಂಗಿ ಕಳಚಿ, ಪಂಚೆ ಎತ್ತಿಕಟ್ಟಿ ಅವಳಿಗಿಂತ ಮುಂಚೆ ಅವರೇ ನೀರಿಗಿಳಿದು ತೋಳು ಚಾಚಿದರು. ಅವಳು ಕಣ್ಣು ಮುಚ್ಚಲಿಲ್ಲ. ಹಾರಿದಳು.

ಅಂದು ಸಂಜೆ ಶೋಭ ತಂಬಿಟ್ಟಿನ ಆರತಿ ತಂದಳು. ಬುರುಡೆಯಿಲ್ಲದೆ ದಾಟಿದವರಿಗಲ್ಲವೇ ಅದು ಎಂದು ನಾನು ಪದ್ಧತಿಯ ಮಾತೆತ್ತಿದೆ. "ಈ ವಯಸ್ನಲ್ಲಿ ಬುರ್ಡೆ ಸಮೇತಾನೇ ಲೆಕ್ಕ ಬುಡವ್ವ," ಎಂದು ಯಜಮಾನರೇ ತೀರ್ಪು ಕೊಟ್ಟರು.

ಈಗ ಮೈಸೂರಿನ ಮನೆಯ ಗೋಡೆಯಲ್ಲಿ ಮೊಳೆಯೊಂದೇ ಇದೆ. ಬುರುಡೆ ತೂಗುತ್ತಿದ್ದೆಡೆ ಸುಣ್ಣ ಮಾಸದೆ ಒಂದು ಬಿಳಿಯ ದುಂಡು ಉಳಿದಿದೆ. ಗೌರಮ್ಮ ಅದಕ್ಕೂ ಕುಂಕುಮ ಹಚ್ಚಿದ್ದಾಳೆ, ನಾನು ತಡೆಯಲಿಲ್ಲ. ಬುರುಡೆ ಊರ ಬಾವಿಯ ಹೊಂಗೆಯ ಕೊಂಬೆಯಲ್ಲಿದೆ, ಗಂಡೋ ಹೆಣ್ಣೋ ಎಂದು ಕೇಳದೆ ಮುಂದಿನ ಬೆನ್ನಿಗಾಗಿ ಕಾಯುತ್ತಿದೆ.

ಹೊತ್ತ ಆ ತಾಯಿಯ ನೀರು ಬತ್ತದಿರಲಿ. ಹಟ ಬಿಡದ ಶೋಭಳ ತೋಳು ಸೋಲದಿರಲಿ. ಭಯವನ್ನು ಗಂಟು ಕಟ್ಟಿ ಪ್ರೀತಿಯನ್ನು ನೀರಿಗಿಳಿಸಿದ ಚಿಕ್ಕಣ್ಣನಿಗೆ ದೀರ್ಘಾಯುಸ್ಸು ದೊರೆಯಲಿ. ಪಲ್ಲವಿಗೂ, ಕಡೆಯ ಮೆಟ್ಟಿಲಿನಿಂದ ಮುಂದೆ ಹಾರಿದ, ಹಾರಲಿರುವ ಎಲ್ಲ ಹೆಣ್ಣುಮಕ್ಕಳಿಗೂ, ದಡದಲ್ಲಿ ಕುಳಿತು ಇಷ್ಟು ಹೊತ್ತು ನನ್ನ ಈಜು ನೋಡಿದ ನಿಮಗೂ, ಎದುರಿನ ಮೆಟ್ಟಿಲು ಕೈಗೆ ಸಿಗಲಿ.