ನೀಲಿ ಉಡುಪಿನಾಕೆಯ ತವರು

ಮಿರಜಿನಲ್ಲಿ ನಮ್ಮ ಪಕ್ಕದ ಮನೆಯ ಮಾವಶಿ, ಪರವೂರಿನವರು ಯಾರೇ ಬರಲಿ, ಗೋಡೆಯ ಮೇಲಿನ ಚಿತ್ರ ಇಳಿಸಿ ಸೆರಗಿನಿಂದ ಒರೆಸಿ, "ಈಕಿ ತವರ ಯಾವ ಊರ್ರಿ?" ಎಂದು ಕೇಳುತ್ತಿದ್ದರು. ನೀಲಿ ಉಡುಪಿನ ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರ ಅದು. ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಕಾವಲುಗಾರರಾಗಿದ್ದ ಅವರ ಯಜಮಾನರು ಹಿಂದೆ ಸಿಪಾಯಿಯಾಗಿ ಇಟಲಿಯ ಯುದ್ಧಕ್ಕೆ ಹೋದಾಗ, ಬಾಂಬಿಗೆ ಕುಸಿದ ಮನೆಯಿಂದ ಅದನ್ನು ಎತ್ತಿ ತಂದಿದ್ದರು. ಚಿತ್ರದ ಬೆನ್ನಿಗೆ ಯಾವುದೋ ಮನೆತನದ ಅರಗಿನ ಮುದ್ರೆಯಿತ್ತು. ಊರಿನ ಮಿಶನ್ ಆಸ್ಪತ್ರೆಯ ಬಿಳಿಯ ಡಾಕ್ಟರರಿಗೂ ಅದರ ಗುರುತು ಹತ್ತಿರಲಿಲ್ಲ.

ಒಮ್ಮೆ ಮುಂಬಯಿಯಿಂದ ಚಿತ್ರಗಳ ವ್ಯಾಪಾರಿಯೊಬ್ಬ ಬಂದ. ಚಿತ್ರ ಕೊಳ್ಳುತ್ತೇನೆ, ಆದರೆ ಮೊದಲು ಈ ಮುದ್ರೆ ಕೆರೆದು ತೆಗೆಯಬೇಕು ಎಂದು ಮರಾಠಿಯಲ್ಲಿ ಹೇಳಿದ. ಯಾಕೆಂದು ಮಾವಶಿ ಕೇಳಿದರು.

"ನಾಳೆ ಯಾರಾದರೂ ಇದು ನಮ್ಮ ಮನೆಯದು ಅಂತ ಬಂದರೆ?"

ಮಾವಶಿಯ ಮುಖ ಅರಳಿತು. "ಅಂದ್ರ, ಈಕೀನ ಕರಿಯಾಕ ಬರಾವ್ರು ಅದಾರಂತಾತು!" ಎಂದು ಚಿತ್ರವನ್ನು ಅವನ ಕೈಯಿಂದ ಕಸಿದುಕೊಂಡರು.

ಆ ವರ್ಷ ನಾಗರ ಪಂಚಮಿಗೆ ಓಣಿಯ ಸೊಸೆಯಂದಿರನ್ನು ತವರಿಗೆ ಕರೆದೊಯ್ಯಲು ಅವರ ಅಣ್ಣತಮ್ಮಂದಿರು ಬರತೊಡಗಿದರು. ಮಾವಶಿ ಚಿತ್ರದ ಮುಂದೆ ಅಕ್ಕಿ, ಕುಪ್ಪಸದ ಖಣವಿಟ್ಟು ಉಡಿ ತುಂಬಿದರು. ಆಮೇಲೆ ಆಕೆಯನ್ನು ಹೊರಗಿನ ಕಟ್ಟೆಯ ಮೇಲೆ, ಸ್ಟೇಷನ್ ದಾರಿಗೆ ಮುಖ ಮಾಡಿ ಕೂರಿಸಿದರು.