ನನ್ನ ಕಾಲಿಗೆ ಅವರು ಹೊತ್ತ ಹರಕೆ

ಕಳೆದ ವಾರ ಮೂಡಿಗೆರೆಯಿಂದ ಕಳಸಕ್ಕೆ ಬರುವ ಬಸ್ಸಿನಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನ ಪಕ್ಕ ಬಂದು ಕೂತರು. ಅವರ ಮೈಯಿಂದ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಕೊಟ್ಟಿಗೆಹಾರ ದಾಟುವವರೆಗೂ ನಾನು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದೆ.

ತವರಿನಲ್ಲಿ ನಮ್ಮ ಪಕ್ಕದ ಮನೆಯ ಅತ್ತೆಯ ಹತ್ತಿರ ಸದಾ ಅದೇ ವಾಸನೆ. ರಕ್ತಸಂಬಂಧದ ಅತ್ತೆಯಲ್ಲ. ಅವರ ಯಜಮಾನರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ನಮ್ಮ ಸಣ್ಣ ತೋಟದ ಬೇಲಿಯಾಚೆ ಅವರ ಮನೆ. ಅತ್ತೆಗೆ ಉಬ್ಬಸವಿತ್ತು. ಮಳೆ ಹಿಡಿಯಿತೆಂದರೆ ಎದೆಗೆ ಆ ಎಣ್ಣೆ ತಿಕ್ಕಿಕೊಂಡು ಒಲೆಯ ಮುಂದೆ ಕೂರುವರು. ಮಾತಿನ ನಡುವೆ ನಿಲ್ಲಿಸಿ, ಉಸಿರು ಎಳೆದುಕೊಂಡು, ಬಿಟ್ಟಲ್ಲಿಂದಲೇ ಮುಂದುವರಿಸುವರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಮೂಡಿಗೆರೆಯ ಕಾಲೇಜಿಗೆ ಹೋಗುತ್ತಿದ್ದೆ. ಓದಿನಲ್ಲಿ ಹೇಳಿಕೊಳ್ಳುವಂಥದ್ದೇನಿರಲಿಲ್ಲ. ಓಟ ಬರುತ್ತಿತ್ತು, ಅದೂ ದೂರದ ಓಟ. ಬೆಳಿಗ್ಗೆ ಎಸ್ಟೇಟ್ ರಸ್ತೆಯಲ್ಲಿ ಓಡುವಾಗ ಕೆಲಸಕ್ಕೆ ಹೊರಟ ಹೆಂಗಸರು, "ಎಂತ, ಆನೆ ಅಟ್ಟಿಸ್ಕೊಂಡು ಬಂತಾ?" ಎಂದು ನಗುತ್ತಿದ್ದರು. ಆ ಒಂದು ಗಂಟೆ ಬಿಟ್ಟರೆ ನನ್ನದು ಎನ್ನುವುದು ಬೇರೇನೂ ನನಗಿರಲಿಲ್ಲ.

ಒಂದು ಮಳೆಗಾಲ, ಮಳೆ ಬಿಟ್ಟು ಹೊಳವಾಗಿದೆಯಲ್ಲ ಎಂದು ಓಡಲು ಹೋದವಳು ಪಾಚಿಗಟ್ಟಿದ ಇಳಿಜಾರಿನಲ್ಲಿ ಜಾರಿಬಿದ್ದೆ. ಬಲ ಮಂಡಿಯೊಳಗೆ ಬಟ್ಟೆ ಹರಿದಂಥ ಸದ್ದಾಯಿತು. ಚಿಕ್ಕಮಗಳೂರಿನಲ್ಲಿ ಆಪರೇಷನ್ ಆಯಿತು, ಪಟ್ಟಿ ಕಟ್ಟಿದರು, ಬಿಚ್ಚಿದರು. ಮಂಡಿ ಕೂಡಿಕೊಂಡಿದೆ, ಮೆಲ್ಲಗೆ ನಡೆಯಲು ಶುರು ಮಾಡು, ಮುಂದೆ ಓಡಲೂಬಹುದು ಎಂದು ಡಾಕ್ಟರು ಹೇಳಿದರು. ಆದರೆ ನನ್ನ ಕಿವಿಯಲ್ಲಿ ಆ ಸದ್ದೇ ಉಳಿದಿತ್ತು. ಕಾಲಿನ ಮೇಲೆ ಭಾರ ಬಿಟ್ಟರೆ ಮತ್ತೆ ಕೇಳಿಸೀತೆಂದು ಗೋಡೆ ಹಿಡಿದೇ ಓಡಾಡುತ್ತಿದ್ದೆ. ಬೂಟುಗಳನ್ನು ಅಟ್ಟದ ಮೇಲೆ ಹಾಕಿಸಿದ್ದೆ...

ಹೀಗಿರುವಾಗ ಅತ್ತೆ ಒಂದು ದಿನ ಬಂದು, ನನ್ನ ಹೆಸರಿನಲ್ಲಿ ಹರಕೆ ಹೊತ್ತಿರುವುದಾಗಿ ಹೇಳಿದರು. ದಿಣ್ಣೆಯ ಮೇಲಿನ ಈಶ್ವರನ ಗುಡಿಗೆ ನಾನು ಶಿವರಾತ್ರಿಯವರೆಗೆ ದಿನಾ ಸಂಜೆ ಹೆಜ್ಜೆ ಪ್ರದಕ್ಷಿಣೆ ಹಾಕಬೇಕಂತೆ. ಹೊತ್ತವರು ಇವರು, ತೀರಿಸಬೇಕಾದವಳು ನಾನು! ಅಮ್ಮನಿಗೂ ಸಿಟ್ಟು ಬಂತು. ಆದರೆ ದೇವರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುವ ಧೈರ್ಯ ಅವಳಿಗೂ ಇರಲಿಲ್ಲ.

ಹೆಜ್ಜೆ ಪ್ರದಕ್ಷಿಣೆಯೆಂದರೆ ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿಯೇ ಇಡಬೇಕು. ನಡುವೆ ಸಂದು ಬಿಡುವ ಹಾಗಿಲ್ಲ. ಮೊದಲ ಸಂಜೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಬೆವರಿಹೋದೆ. ಅತ್ತೆ ನನ್ನ ಮೊಣಕೈ ಹಿಡಿದು ಪಕ್ಕದಲ್ಲೇ ಬರುತ್ತಿದ್ದರು. ದಿನ ಕಳೆದಂತೆ ನಾನು ಅವಸರ ಮಾಡತೊಡಗಿದೆ. ಸಂದು ಕಂಡರೆ ಹಿಂದಕ್ಕೆ ಕರೆಯುವರು.

"ದೇವರು ಎಲ್ಲೂ ಓಡಿಹೋಗಲ್ಲ ಮಾರಾಯ್ತಿ. ಸರಿಯಾಗಿ ಇಡು."

ನನಗೆ ಆಗ ದೊಡ್ಡ ಭಕ್ತಿ ಇತ್ತೆಂದು ಹೇಳಲಾರೆ. ಅವರ ನಂಬಿಕೆಗೆ ಒರಗಿಕೊಂಡು ನಿಂತಿದ್ದೆ, ಅಷ್ಟೇ. ಆದರೆ ಒಂದು ಸಂಜೆ ಗುಡಿಯ ಸುತ್ತಿನ ತಣ್ಣನೆಯ ಕಲ್ಲಿನ ಮೇಲೆ ಬಲಗಾಲು ಪೂರ್ತಿ ಭಾರ ಹೊತ್ತಿತು, ಸದ್ದು ಬರಲಿಲ್ಲ. ಮರುದಿನವೂ ಬರಲಿಲ್ಲ. ಶಿವರಾತ್ರಿಗೆ ಇನ್ನೂ ಸುಮಾರು ದಿನ ಇರುವಾಗಲೇ, ಯಾರೂ ಇಲ್ಲದಾಗ, ಅಂಗಳದ ಈ ತುದಿಯಿಂದ ಆ ತುದಿಗೆ ನಾಲ್ಕು ಹೆಜ್ಜೆ ಓಡಿಯೂ ನೋಡಿದೆ.

ಆ ಹೊತ್ತಿಗೇ ಹರಕೆಯ ಉಳಿದರ್ಧ ನನಗೆ ತಿಳಿದದ್ದು. ರೈಟರ್ ಮಾವ ಅಪ್ಪನ ಹತ್ತಿರ ಹೇಳಿಕೊಂಡು ಪೇಚಾಡುತ್ತಿದ್ದರು. ಹುಡುಗಿ ಮೊದಲಿನ ಹಾಗೆ ಓಡಿದರೆ ತಾನು ಶಿವರಾತ್ರಿಗೆ ಧರ್ಮಸ್ಥಳದವರೆಗೆ ನಡೆದೇ ಹೋಗುತ್ತೇನೆಂದು ಅತ್ತೆ ಹೇಳಿಕೊಂಡಿದ್ದರಂತೆ. ಗುಡಿಯ ದಿಣ್ಣೆ ಹತ್ತುವಾಗಲೇ ನಡುವೆ ನಿಲ್ಲುವ ಜೀವ, ಚಾರ್ಮಾಡಿ ಘಾಟಿ ಇಳಿದು ಅಷ್ಟು ದೂರ ಹೇಗೆ ನಡೆದೀತು?

ನಾನು ಓಡದಿದ್ದರೆ ಅವರು ನಡೆಯಬೇಕಾಗಿರಲಿಲ್ಲ. ಮರುದಿನದಿಂದ ಕುಂಟತೊಡಗಿದೆ. ನೋವು ಹೆಚ್ಚಾಗಿದೆ, ಓಟ ಇನ್ನು ಆಗದ ಮಾತು ಎಂದೆಲ್ಲ ಹೇಳಿದೆ. ಒಂದು ಸಂಜೆ ಗುಡಿಯ ಮೆಟ್ಟಿಲಲ್ಲಿ ಕೂತು ನನ್ನ ಪ್ರದಕ್ಷಿಣೆಯನ್ನೇ ನೋಡುತ್ತಿದ್ದ ಅತ್ತೆ ಹತ್ತಿರ ಕರೆದರು.

"ಪೆಟ್ಟಾಗಿದ್ದು ಯಾವ ಕಾಲಿಗೆ?"

"ಬಲಗಾಲಿಗೆ ಅತ್ತೆ."

"ಮತ್ತೆ ನಿನ್ನೆಯಿಂದ ಎಡಗಾಲು ಎಂತಕ್ಕೆ ಕುಂಟ್ತಾ ಇದೆ?"

ನಾನು ನಗಲು ಹೋಗಿ ಅತ್ತುಬಿಟ್ಟೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, ಉಸಿರು ಎಳೆದುಕೊಂಡು, "ನನ್ನ ಉಸಿರು ಕಾಯೋಕೆ ಅವನಿದಾನೆ. ನೀನು ಆ ಕೆಲಸ ತಗೋಬೇಡ. ನೀನು ಓಡು" ಎಂದರು.

ಮರುದಿನ ಬೆಳಿಗ್ಗೆ ಅವರ ಮನೆಯ ಮುಂದಿನಿಂದಲೇ ಓಡಿದೆ. ದೂರವೇನಲ್ಲ, ಎಸ್ಟೇಟ್ ಗೇಟಿನವರೆಗೆ. ತಿರುಗಿ ಬರುವಾಗ ಅತ್ತೆ ರಸ್ತೆಯಲ್ಲೇ ನಿಂತಿದ್ದರು. ಕೈ ಮುಗಿದರು. ನನಗಲ್ಲ...

ಆ ಶಿವರಾತ್ರಿಗೆ ಪಾದಯಾತ್ರೆಯವರ ಜೊತೆ ಅವರೂ ಹೊರಟರು. ಅವರ ಚೀಲ ಹೊತ್ತು ನಾನೂ ಹೋದೆ. ರಸ್ತೆಯ ಎರಡೂ ಕಡೆ ಕಾಫಿ ಹೂವು ಬಿಟ್ಟಿತ್ತು. ಆ ಘಮಕ್ಕೂ ಅವರಿಗೆ ಕೆಮ್ಮು ಬರುತ್ತಿತ್ತು. ಕಂಡ ಕಂಡ ಮೋರಿ ಕಟ್ಟೆಯ ಮೇಲೆಲ್ಲ ಕೂತರು. ಘಾಟಿಯಲ್ಲಿ ಯಾರೋ ಜೀಪು ನಿಲ್ಲಿಸಿ ಕರೆದಾಗ, "ಜೀಪಲ್ಲಿ ಬರ್ತೀನಿ ಅಂತ ನಾನು ಹೇಳ್ಕೊಂಡಿಲ್ಲ" ಎಂದರು. ನಮ್ಮ ಜೊತೆ ಹೊರಟವರೆಲ್ಲ ಮುಂದೆ ಹೋಗಿಯಾಗಿತ್ತು. ನಾವು ತಲುಪುವಾಗ ಶಿವರಾತ್ರಿ ಮುಗಿದಿತ್ತು. ಅತ್ತೆಗೆ ಅದರ ಬೇಸರವಿರಲಿಲ್ಲ. ಜನ ಕಡಿಮೆಯಿದ್ದರು, ಒಳ್ಳೆಯ ದರ್ಶನವಾಯಿತೆಂದು ಊರಿಗೆ ಬಂದ ಮೇಲೂ ಹೇಳುತ್ತಿದ್ದರು.

ಆಮೇಲೆ ನಾನು ಕಾಲೇಜಿನಿಂದ ಎಲ್ಲೆಲ್ಲೋ ಓಡಿದೆ. ಮದುವೆಯಾಗಿ ಕಳಸಕ್ಕೆ ಬಂದೆ. ಕೆಲವು ವರ್ಷಗಳ ನಂತರ ಒಂದು ಆಷಾಢದಲ್ಲಿ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಸುದ್ದಿ ಬಂತು. ಹೋದೆ. ಮೂಗಿಗೆ ನಳಿಗೆ ಹಾಕಿದ್ದರು. ಕೈ ಹಿಡಿದರೆ ಬೆರಳು ಅಲುಗಿಸಿದರು, ಮಾತಿರಲಿಲ್ಲ.

ಹೊರಗಿನ ಜಗುಲಿಗೆ ಬಂದು ನಿಂತೆ. ಹರಕೆ ಹೊರುವುದು ನನಗೆ ಗೊತ್ತಿರಲಿಲ್ಲ. ಏನು ಕೊಡುತ್ತೇನೆನ್ನಬೇಕು, ಹೇಗೆ ಕೇಳಬೇಕು... ಕೊಡುವಂಥದ್ದು ನನ್ನಲ್ಲಿ ಇದ್ದದ್ದು ಒಂದೇ. ಅವರಿಗೆ ಉಸಿರು ಕೊಡು, ನಾನು ಓಡುವುದನ್ನು ಬಿಟ್ಟುಬಿಡುತ್ತೇನೆ ಎಂದು ಹೇಳಿಕೊಂಡೆ. ಅತ್ತೆಗೆ ಗೊತ್ತಾಗಿದ್ದರೆ ಬೈಯುತ್ತಿದ್ದರು.

ಅವರು ಉಳಿಯಲಿಲ್ಲ. ನಾನು ಈಗಲೂ ಬೆಳಿಗ್ಗೆ ಎದ್ದು ಓಡುತ್ತೇನೆ.